ನಮ್ಮ ಹಳ್ಳ ದಾಟಿದ ಬಸ್ಸು

ಜಯನಗರ,
೨೩ ನವೆಂಬರ್ ೧೯೫೮

ಮಲ್ಲೇಶ್ವರದ ರೂಮಿನಲ್ಲಿ ಬಿಡಾರ ಹೂಡಿರುವ ನಮ್ಮ ಯಜಮಾನರಿಗೆ ವಾರಿಜಾಳ ನಮಸ್ಕಾರಗಳು. ನಾನೂ ಮಗುವೂ ಸುಖವಾಗಿದ್ದೇವೆ. ಸುಖವೆಂದರೆ ಸಾಲದು, ಗೆದ್ದಿದ್ದೇವೆ.

ಮಳೆಯಲ್ಲಿ ತೊಯ್ದು ಆಫೀಸಿನಿಂದ ಬಂದ ಆ ಸಂಜೆ ನೀವು, "ಇದು ಊರಲ್ಲ ವಾರಿಜಾ, ಕಾಡು. ಬಸ್ಸು ಇಲ್ಲಿಗೆ ಬಂದ ದಿನ ನಾನೂ ಬರ್ತೀನಿ. ನೀನು ತೌರಿಗೆ ಹೋಗಿರು" ಎಂದು ಟ್ರಂಕು ಎತ್ತಿಕೊಂಡು ಹೊರಟಿರಿ. ನಾನು ಹೋಗಲಿಲ್ಲ. ಮೊದಮೊದಲು ಅತ್ತದ್ದು ನಿಜ. ಆದರೆ ಕಿಟಕಿ ತೆಗೆದರೆ ರಾಗಿ ಹೊಲ, ಬೆಳಗಿನ ಗಾಳಿಯಲ್ಲಿ ಅವರೆಯ ಸೊಗಡು. ಇಷ್ಟು ಬೆಳಕಿನ ಮನೆಯಲ್ಲಿ ಹುಟ್ಟಿದಾಗಿನಿಂದ ನಾನು ಇದ್ದವಳಲ್ಲ.

ಎದುರುಮನೆಯ ಕಾತ್ಯಾಯಿನಿಯವರನ್ನು ಕರೆದುಕೊಂಡು ಬಸ್ಸಿನ ಆಫೀಸಿಗೆ ಹೋದೆ. ಹಳ್ಳದ ಹತ್ತಿರ ರಸ್ತೆಯೇ ಕೊಚ್ಚಿಹೋಗಿದೆ, ಸರಿಮಾಡಿದರೂ ಹತ್ತುವ ಜನ ಎಲ್ಲಿ ಎಂದು ಅಲ್ಲಿನ ಸಾಹೇಬರು ನಕ್ಕರು. ವಾಪಸು ಬರುವಾಗ ಅದೇ ಹಳ್ಳದಲ್ಲಿ ಪಕ್ಕದ ಹಳ್ಳಿಯ ಸೊಣ್ಣಮ್ಮ ಸಿಕ್ಕಳು. ಸೊಪ್ಪಿನ ಕುಕ್ಕೆ ಹೊತ್ತು ದಿನಾ ಮಾರ್ಕೆಟ್ಟಿಗೆ ನಡೆಯುವವಳು. ಸಾಹೇಬರ ಮಾತು ಹೇಳಿದೆ. "ಜನ ಇಲ್ವಂತಾ? ನಾವೇನು ದನಗಳಾ?" ಎಂದಳು.

ಮರುದಿನ ಗಂಡ ಬೈರಣ್ಣನನ್ನು ಕರೆತಂದಳು. ನಮ್ಮ ಸಾಲಿನ ಮನೆಗಳೆಲ್ಲ ಎದ್ದಿರುವುದು ಅವನ ಹೊಲದ ಮೇಲೆ. ಅವನ ಮುಖ ನೋಡಲು ನನಗೆ ಸಂಕೋಚ. ಅವನೇ ಹಳ್ಳ ನೋಡುತ್ತ, "ಹೊಲ ಅಂತೂ ಹೋಯ್ತು ಕಣಮ್ಮ, ಬಸ್ಸಾದ್ರೂ ಬರ್ಲಿ. ಮಣ್ಣು ಹೊಡೆಯಾಕೆ ಗಾಡಿ ನಾ ಕಟ್ತೀನಿ, ಜನ ನೀವು ಸೇರ್ಸಿ" ಎಂದ.

ಸೇರಿಸಿದೆ. ಭಾನುವಾರ ಹೆಂಗಸರೆಲ್ಲ ಸೆರಗು ಬಿಗಿದು ಬಾಂಡ್ಲಿಯಲ್ಲಿ ಕಲ್ಲುಮಣ್ಣು ಹೊತ್ತು ಕೊಚ್ಚಿಹೋದ ರಸ್ತೆಗೆ ತುಂಬಿದೆವು. ಗಂಡಸರು ಸ್ವಲ್ಪ ಹೊತ್ತು ಜಗಲಿಯಿಂದ ನೋಡಿ, ಆಮೇಲೆ ನಾಚಿಕೊಂಡು ಹಾರೆ ಹಿಡಿದರು. ಸಾಹೇಬರು ಬಂದು ರಸ್ತೆ ತುಳಿದು ನೋಡಿ, ಒಂದು ದಿನ ಓಡಿಸುತ್ತೇವೆ, ಖಾಲಿ ಹೋದರೆ ಅಲ್ಲಿಗೆ ಮುಗಿಯಿತು ಎಂದರು.

ನಿನ್ನೆ ಬೆಳಗ್ಗೆ ಬಂತು ನೋಡಿ! ಹಳ್ಳದ ಮೇಲೆ ಒಮ್ಮೆ ವಾಲಿತು. "ಹೊಡೀರಿ ಸ್ವಾಮಿ, ನಿಲ್ಲಿಸ್ಬೇಡಿ!" ಎಂದು ಬೈರಣ್ಣ ಕೂಗಿದ. ದಾಟಿತು. ಸೊಣ್ಣಮ್ಮ ಬಸ್ಸಿನ ಮೂತಿಗೆ ಸೇವಂತಿಗೆ ಹಾರ ಹಾಕಿದಳು. ಹಳ್ಳಿಯವರು, ನಮ್ಮವರು, ಕುಕ್ಕೆಗಳು, ಹೂವಿನ ಮೂಟೆಗಳು. "ಸಾಕು ಕಣ್ರಮ್ಮ, ನಾನೆಲ್ಲಿ ನಿಂತ್ಕೊಳ್ಳಲಿ?" ಎಂದು ಕಂಡಕ್ಟರು ಗೋಗರೆದ. ಜನ ಎಣಿಸಲು ಬಂದಿದ್ದ ಸಾಹೇಬರು ಸೊಪ್ಪಿನ ನಡುವೆ ನಿಂತೇ ಮಾರ್ಕೆಟ್ಟಿನವರೆಗೆ ಬಂದರು. ಇಳಿಯುವಾಗ ಅವರಾಗಿಯೇ, ಇನ್ನು ದಿನಾ ಬಸ್ಸು ಬರುತ್ತದಮ್ಮ ಎಂದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ನಾನು ನಾಚಿಕೆ ಬಿಟ್ಟು ಕೂಗಿದೆ.

ನಿಮ್ಮ ಮಾತು ನೀವು ನಡೆಸಿಕೊಡಬೇಕು. ಅಪ್ಪ ಬಸ್ಸಿನಿಂದ ಇಳಿಯುತ್ತಾರೆಂದು ಮಗು ಆಗಲೇ ಬೀದಿಗೆಲ್ಲ ಸಾರಿದ್ದಾಳೆ.

ಇಲ್ಲೇ ಇರುವ ನಿಮ್ಮ,
ವಾರಿಜಾ

ತಾ.ಕ.: ನನಗೆ ತಿಳಿಸದೆ, ನಮ್ಮ ಈ ಮನೆಯನ್ನು ಬಾಡಿಗೆಗೆ ನೋಡಲು ನೀವು ಕಳಿಸಿದ್ದ ಮಹನೀಯರು ಕಳೆದ ವಾರ ಬಂದಿದ್ದರು. ಹಿತ್ತಲಿನ ನಾಗರಹಾವು, ಹೊಲದ ನರಿ, ಇದ್ದದ್ದೂ ಇಲ್ಲದ್ದೂ ಎಲ್ಲ ಹೇಳಿದೆ. ಪಾಪ, ಕಾಫಿಯನ್ನೂ ಕುಡಿಯದೆ ಓಡಿದರು.