ಬೆಳಕಿನ ಗೆರೆಗಳಲ್ಲಿ ಕಂಡ ಕಾಲು

ಬಾಶೆಟ್ಟಿಹಳ್ಳಿ, ಗುರುವಾರ

ಅಕ್ಕನಿಗೆ ವಾಣಿಶ್ರೀಯ ನಮಸ್ಕಾರ. ಕೃತಕ ಕಾಲಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುವುದಿಲ್ಲ. ಸೋಮವಾರ ಶ್ರೀಧರ್ ಎಂಬ ತಂತ್ರಜ್ಞರು ನನ್ನ ಮೊಣಕಾಲಿನ ಕೆಳಗೆ ಉಳಿದ ಭಾಗದ ಸುತ್ತ ಸ್ಕ್ಯಾನರ್ ಆಡಿಸಿದರು. ಚರ್ಮದ ಮೇಲೆ ಬೆಳಕಿನ ಗೆರೆಗಳು ಹರಿದವು. ಪರದೆಯ ಮೇಲೆ ಅದೇ ಕಾಲು ಉಬ್ಬುತಗ್ಗು ಸಮೇತ ಮೂಡಿತು. ಆಪರೇಷನ್ ಆದಾಗಿನಿಂದ ನಾನದನ್ನು ನೋಡಿಯೇ ಇರಲಿಲ್ಲವಲ್ಲ, ಮುಖ ತಿರುಗಿಸಿದೆ.

"ಒಂದ್ಸಲ ನೋಡ್ರಮ್ಮ, ಎಲ್ಲಿ ನೋಯ್ತದೆ ಅಂತ ನೀವೇ ತೋರಿಸ್ಬೇಕು," ಅಂದರು.

ನೋಡಿದೆ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಒತ್ತದ ಹಾಗೆ ಕೃತಕ ಕಾಲು ಮಾಡಿಕೊಟ್ಟಿದ್ದಾರೆ. ಇವತ್ತು ಹಾಕಿಕೊಂಡು, ಕಂಬಿ ಹಿಡಿದು ಹದಿನಾಲ್ಕು ಹೆಜ್ಜೆ ನಡೆದೆ. ಚರ್ಮ ಸ್ವಲ್ಪ ಕೆಂಪಾಗಿದೆ, ಗಾಬರಿಯಾಗಬೇಡ. ಶನಿವಾರ ಬರುತ್ತೇನೆ. ಬಸ್ ನಿಲ್ದಾಣಕ್ಕೆ ಗಾಲಿಕುರ್ಚಿ ತರಬೇಡ, ನೀನೊಬ್ಬಳೇ ಬಾ.

ನಿನ್ನ ವಾಣಿ