ಉಳಿದ ಎರಡು ಗಂಟೆ

ಜೂನ್ ೧೪, ಶುಕ್ರವಾರ

ಮ್ಯಾನೇಜರ್ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ನರಸಾಪುರದ ಗೋಡೌನಿನಲ್ಲಿ ನಾನು ಯೋಜಿಸಿದ ಸಾಮಾನಿನ ಹೊಸ ಜೋಡಣೆ ಇವತ್ತು ಮುಗಿಯಿತು. ದಿನವೂ ಹೋಗುವ ಪೆಟ್ಟಿಗೆಗಳು ಬಾಗಿಲ ಹತ್ತಿರ ಬಂದವು, ಅಪರೂಪದವು ಹಿಂದಿನ ಗೋಡೆಗೆ ಹೋದವು. ಹನ್ನೊಂದು ವರ್ಷದಿಂದ ಸಾಮಾನು ಎತ್ತಿಕೊಡುವ ಮುನಿಗಂಗಮ್ಮ ಮಧ್ಯಾಹ್ನ ಮಂಡಿ ಸವರಿಕೊಂಡು ನಕ್ಕರು. “ಇವತ್ತು ಕಾಲು ನೋವೇ ಇಲ್ಲ ಸಾರ್. ಮೊದ್ಲೇ ಮಾಡ್ಬಾರ್ದಿತ್ತಾ?”

ಅದೇ ಖುಷಿಯಲ್ಲಿ ಮ್ಯಾನೇಜರಿಗೆ ನಕ್ಷೆ ತೋರಿಸಿ, ಒಬ್ಬೊಬ್ಬರಿಗೂ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ ಎಂದೆ. ಅವರು, “ಹಾಗಾದ್ರೆ ಯಾರನ್ನ ಕೆಲ್ಸದಿಂದ ಕಳ್ಸೋಣ, ಗಂಗಾಧರ್?” ಎಂದರು.

ಸಾಮಾನು ಎತ್ತಿಕೊಡುವ ಆರು ಜನ ಹೆಂಗಸರಲ್ಲಿ ಮುನಿಗಂಗಮ್ಮನೇ ಎಲ್ಲರಿಗಿಂತ ದೊಡ್ಡವರು. ಅವರ ಕಾಲಿಗೆಂದು ಉಳಿಸಿದ ಹೊತ್ತು ಅವರ ಕೆಲಸಕ್ಕೇ ಕುತ್ತು ತರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

“ಯಾರನ್ನೂ ಬೇಡ ಸಾರ್. ವಾಪಸ್ ಬಂದ ಮಾಲು ಮೂರು ತಿಂಗಳಿಂದ ವಿಂಗಡಿಸದೆ ಹಾಗೇ ಬಿದ್ದಿದೆ. ಆ ಹೊತ್ತು ಅದಕ್ಕೇ ಬೇಕು,” ಎಂದೆ.

ಅವರು ಹೋಗಿ ಆ ರಾಶಿ ನೋಡಿ ಬಂದರು. “ಸರಿ, ಆರು ತಿಂಗಳು ನೋಡೋಣ.”

ಮುನಿಗಂಗಮ್ಮನಿಗೆ ಇದನ್ನು ಹೇಳಲಿಲ್ಲ. ಸಂಜೆ ಕಂಪನಿ ಬಸ್ಸಿನ ಕಿಟಕಿಯಿಂದ ಕೈ ಬೀಸಿದರು, ನಾನೂ ಬೀಸಿದೆ.

ವಾಪಸ್ ಮಾಲು ವಿಂಗಡಿಸುವುದು ಕೂತು ಮಾಡುವ ಕೆಲಸ. ನಾಳೆ ಅಲ್ಲಿಗೊಂದು ಸ್ಟೂಲ್ ಹಾಕಿಸಬೇಕು. ಆರು ತಿಂಗಳ ಮೇಲೆ ಏನೋ…