ಅಳು ನುಂಗಿಕೊಂಡಳು

ಮಾರ್ಚ್ ೧೪, ಗುರುವಾರ

ನಾಟಕ ನೋಡಿದವಳು ನಾನು, ನನ್ನ ವಿಮರ್ಶೆ ತಿದ್ದಿದವನು ನಾಟಕವನ್ನೇ ನೋಡದವನು. "ಕೊನೆಯಲ್ಲಿ ಆಕೆ ಅಳು ನುಂಗಿಕೊಂಡಳು" ಎಂದು ಬರೆದಿದ್ದೆ. ಪತ್ರಿಕೆಯಲ್ಲಿ ಅಚ್ಚಾಗಿದ್ದು "ಮನಮಿಡಿಯುವಂತೆ ಅತ್ತಳು" ಎಂದು. ಬೆಳಿಗ್ಗೆ ಆ ನಟಿಯೇ ಫೋನ್ ಮಾಡಿದಳು. "ಅಕ್ಕಾ, ಅಳಬಾರದು ಅಂತ ಎರಡು ತಿಂಗಳು ಒದ್ದಾಡಿದೀನಿ. ನೀವೇನು ನಿದ್ದೆ ಹೊಡೀತಿದ್ರಾ?"

ಸಂಪಾದಕನನ್ನು ವಿಚಾರಿಸಿದೆ. "ನುಂಗೋಕೆ ಅದೇನು ಮಾತ್ರೆನಾ ಮೇಡಂ?" ಎಂದು ನಕ್ಕ. ತಿದ್ದುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದರೆ, "ಅಷ್ಟು ಪುರುಸೊತ್ತು ಯಾರಿಗಿದೆ?"

ಪುರುಸೊತ್ತಿದ್ದ ಒಬ್ಬರನ್ನು ನಾನು ಬಲ್ಲೆ. ಬರೆದೇ ಬದುಕುತ್ತೇನೆಂದು ಕೆಲಸ ಬಿಟ್ಟ ಹೊಸದರಲ್ಲಿ, ಆಗಿನ ಸಂಪಾದಕರು ಒಂದೇ ಒಂದು ಕ್ರಿಯಾಪದಕ್ಕಾಗಿ ಮುಕ್ಕಾಲು ಗಂಟೆ ಫೋನಿನಲ್ಲಿ ಜಗಳವಾಡಿದ್ದರು. "ಹಾಡಿದಳೋ, ಹಾಡಿಕೊಂಡಳೋ? ನೋಡಿದ್ದು ನೀನಮ್ಮಾ, ನೀನೇ ಹೇಳು." ಇದೆಂಥ ಪೀಡೆ ಎಂದು ಅವತ್ತು ಶಪಿಸಿದ್ದೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಪೀಡೆಗಾಗಿ ಈಗ ಜೀವ ಹಂಬಲಿಸುತ್ತದೆ.

ಸಂಜೆ ಹೊಸ ಲೇಖನ ಕಳಿಸಿದೆ. ಅದರಲ್ಲಿ ಒಂದು ವಾಕ್ಯವನ್ನು ಬೇಕೆಂದೇ ಅನುಮಾನ ಬರುವಂತೆ ಬಿಟ್ಟಿದ್ದೇನೆ. ಯಾರಾದರೂ ಫೋನ್ ಮಾಡಿ, ಇದೇನಮ್ಮಾ ಹೀಗೆ, ಎಂದು ಜಗಳಕ್ಕೆ ಬರಲಿ ಎಂದು…